ತೃಣಮಣಿಯೊಳಗಿನ ನೀರೂ ರಾಣಿಯ ಬಾಯಾರಿಕೆಯೂ

ಕೇಳಿರಮ್ಮಾ, ಕೈಯಲ್ಲಿ ಅಕ್ಷತೆ ಹಿಡಿದು ಕೇಳಿ. ಪಿಸುಮಾತು ಸಾಕು, ಹಪ್ಪಳದ ವಿಚಾರ ಆಮೇಲೆ ಆಡಿಕೊಳ್ಳಿ.

ಕುಂಭಾವತಿಯೆಂಬ ಪಟ್ಟಣದಲ್ಲಿ ಸೌಗಂಧಿನಿಯೆಂಬ ರಾಣಿಯಿದ್ದಳು. ಅವಳಿಗೊಬ್ಬ ವ್ಯಾಪಾರಿ ತೃಣಮಣಿಯ ಪದಕವೊಂದನ್ನು ತಂದೊಪ್ಪಿಸಿದನು. ಯಾವ ಕಾಲದಲ್ಲೋ ಮರದಿಂದ ಸುರಿದ ಅಂಟು ಕಲ್ಲಾಗಿ, ಜೇನಿನ ಬಣ್ಣಕ್ಕೆ ತಿರುಗಿ, ಆ ಕಾಲದ ನೀರನ್ನೇ ಒಂದು ಹನಿ ತನ್ನೊಳಗೆ ಹಿಡಿದಿಟ್ಟುಕೊಂಡಿತ್ತು. ವಾಲಿಸಿದರೆ ಹನಿ ಅತ್ತ ಓಡುವುದು, ಇತ್ತ ಓಡುವುದು, ಹೊರಗೆ ಮಾತ್ರ ಬಾರದು. ರಾಣಿಗೆ ಹುಚ್ಚೇ ಹಿಡಿಯಿತು. ಊಟ ಬಿಟ್ಟು ಅದನ್ನೇ ವಾಲಿಸುತ್ತ ಕೂತಳು.

ಹೀಗಿರಲು ನೀರುಗೌರಿಯ ವ್ರತ ಬಂದಿತು. ಆ ದಿನ ಮನೆಯೊಡತಿಯು ಬಂದ ಹೆಂಗಸರಿಗೆಲ್ಲ ಕೈಯಾರೆ ನೀರೆರೆದು, ಆಮೇಲೆ ತಾನು ಕುಡಿಯಬೇಕು. ಸುಡುಬಿಸಿಲಲ್ಲಿ ಹನ್ನೊಂದು ಮಂದಿ ಬಂದರು. ರಾಣಿಗೋ ಏಳಲು ಸೋಮಾರಿತನ. "ಇಕೋ, ಗೌರಿ ನನ್ನ ಕೊರಳಲ್ಲೇ ಇದ್ದಾಳೆ, ನೋಡಿ ತಣಿಯಿರಿ" ಎಂದು ಪದಕ ತೋರಿಸಿ ಕಳಿಸಿಬಿಟ್ಟಳು. ಅಬ್ಬಾ, ಕೊಬ್ಬೇ!

ಗೌರಿಗೆ ಸಿಟ್ಟು ಬಂದಿತು. ರಾಣಿ ಕುಡಿಯಲೆಂದು ಚೊಂಬೆತ್ತಿದರೆ ನೀರು ಅಂಚಿನವರೆಗೆ ಬಂದು, ಪದಕದ ಹನಿಯಂತೆಯೇ ಹಿಂದಕ್ಕೋಡಿತು. ಚೊಂಬು ಬೋರಲು ಹಾಕಿದರೂ ಒಂದು ತೊಟ್ಟಿಲ್ಲ. ಎಳನೀರು ಅಲುಗಲಿಲ್ಲ. ಕೊಳಕ್ಕೆ ಹಾರಿದರೆ ಒಣಗಿದ ಸೀರೆಯಲ್ಲೇ ಎದ್ದು ಬಂದಳು. ರಾಜನು ವೈದ್ಯರನ್ನು ಕರೆಸಿದನು, ಆ ಪುಣ್ಯಾತ್ಮರು ನೀರಲ್ಲಿ ಕಲಸಿ ಕುಡಿಯುವ ಚೂರ್ಣ ಕೊಟ್ಟು ಹೋದರು! ಮೂರು ದಿನಕ್ಕೆ ರಾಣಿಯ ನಾಲಗೆ ಅಂಟಿಕೊಂಡು ಪ್ರಾಣವೇ ಹೋಗುವಂತಾಯಿತು.

ಆಗ ರಾಜನ ಸೋದರತ್ತೆ ಸೂರವ್ವ, "ನಿನಗೆ ಸುರಿಯದ ನೀರು ನೀನು ಬಾಯಾರಿಸಿ ಕಳಿಸಿದ ಆ ಹನ್ನೊಂದು ಮಂದಿಯ ಬೊಗಸೆಗೆ ಸುರಿದೀತು, ಕೊಡ ಹೊತ್ತುಕೊಂಡು ನಡಿಯೇ" ಎಂದು ಗದರಿದಳು.

ರಾಣಿ ಬರಿಗಾಲಲ್ಲಿ ಮನೆಮನೆ ತಿರುಗಿದಳು. ಅವರು ಬೊಗಸೆಯೊಡ್ಡಿದರೆ ನೀರು ಧಾರಾಳವಾಗಿ ಸುರಿಯಿತು. ಒಬ್ಬಳು ಜೊತೆಗೆ ಬೆಲ್ಲ ಕೇಳಿದಳು, ಒಬ್ಬಳು ನಿದ್ದೆ ತಿಳಿದೇಳುವ ತನಕ ಬಾಗಿಲಲ್ಲಿ ಕಾಯಿಸಿದಳು. ಹನ್ನೊಂದನೆಯವಳಾದ ಕೆಂಚವ್ವ ತವರಿಗೆ ಹೋಗಿಬಿಟ್ಟಿದ್ದಳು, ರಾಣಿ ಅಲ್ಲಿಗೂ ನಡೆದಳು. ಕೆಂಚವ್ವ ಕುಡಿದು, ಬಾಯೊರೆಸಿಕೊಂಡು, ರಾಣಿಯ ಮೋರೆ ನೋಡಿ, "ನೀವು ಕುಡಿದ್ರಾ ತಾಯೀ?" ಎಂದಳು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ರಾಣಿ ಗೊಳೋ ಎಂದು ಅತ್ತು ಬೊಗಸೆಯೊಡ್ಡಿದಳು. ಕೆಂಚವ್ವ ಎರೆದಳು, ನೀರು ತಣ್ಣಗೆ ಗಂಟಲಿಗಿಳಿಯಿತು. ಅಂದಿನಿಂದ ರಾಣಿಯು ವರುಷವರುಷವೂ ವ್ರತ ಮಾಡಿ, ಗಂಡ ಮಕ್ಕಳೊಡನೆ ಸುಖವಾಗಿದ್ದಳು.

ಈ ಕಥೆ ಕೇಳಿದವರ ಮನೆಯ ಕೊಡ ಬರಿದಾಗದು, ಹೇಳಿದವರ ನಾಲಗೆ ಒಣಗದು ಎಂದು ನೀರುಗೌರಿಯ ವಾಕ್ಯ. ನನ್ನದು ಒಣಗಿ ಆಗಲೇ ಎಷ್ಟೋ ಹೊತ್ತಾಯಿತು. ಅಕ್ಷತೆ ಆಮೇಲೆ ಹಾಕೀರಂತೆ, ದೇವಿಯ ಮಾತು ಸುಳ್ಳಾಗುವ ಮುಂಚೆ ಯಾರಾದರೂ ಎದ್ದು ಒಂದು ಲೋಟ ನೀರು ತನ್ನಿ.