ಬೋಳುಬಂಡೆಯ ಆಚೆಯ ಜಲಪಾತ

ಒಂದು ಕಾಡಿನಲ್ಲಿ ಹೊಂಗೆಮರಗಳ ನಡುವೆ ಒಂದು ಮಡು ಇತ್ತು. ಬೇಸಿಗೆಯಲ್ಲಿ ಸುತ್ತಲಿನ ತೊರೆಗಳೆಲ್ಲ ಬತ್ತಿದರೂ ಆ ಮಡುವಿನಲ್ಲಿ ಮಾತ್ರ ಮೊಣಕಾಲುದ್ದ ನೀರು ಉಳಿಯುತ್ತಿತ್ತು.

ಬಿಸಿಲು ಜೋರಾದ ತಿಂಗಳುಗಳಲ್ಲಿ ಆ ಕಾಡಿನವರು ಒಂದು ರೂಢಿ ಇಟ್ಟುಕೊಂಡಿದ್ದರು. ಶನಿವಾರ, ಭಾನುವಾರ ದೊಡ್ಡವರು ಮೇವಿಗೆ ದೂರ ಹೋಗುತ್ತಿರಲಿಲ್ಲ. ಮಕ್ಕಳ ಜೊತೆ ಮಡುವಿನ ಹತ್ತಿರ ಇರುತ್ತಿದ್ದರು. ಬೆಳಗ್ಗೆ ಬಿಸಿಲೇರುವ ಮೊದಲು ಮರಳಿನ ಮೇಲೆ ಹೆಜ್ಜೆ ಗುರುತು ನೋಡಿ ಯಾರದ್ದೆಂದು ಹೇಳುವ ಆಟ. ಮಧ್ಯಾಹ್ನ ಹೊಂಗೆಯ ನೆರಳಿನಲ್ಲಿ ನಿದ್ದೆ, ಇಲ್ಲವೇ ಅಜ್ಜಿ ಕಥೆ. ಹೊತ್ತು ಇಳಿದ ಮೇಲೆ ನೀರಾಟ. ಹಂದಿಮರಿಗಳು ಕೆಸರಿನಲ್ಲಿ ಹೊರಳುತ್ತಿದ್ದವು. ಆಮೆ ತಿಮ್ಮಜ್ಜಿ ಮೊಲದ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆ ದಡದಿಂದ ಈ ದಡಕ್ಕೆ ಬರುತ್ತಿದ್ದಳು. ಆಟ ಅಷ್ಟೇ. ಮಕ್ಕಳು ಅದಕ್ಕಾಗಿ ವಾರವಿಡೀ ಕಾಯುತ್ತಿದ್ದವು.

ಅದೇ ಮಡುವಿನ ಹತ್ತಿರ ಚನ್ನಿಗನೆಂಬ ನರಿ ಇದ್ದ. ಹೆಂಡತಿ ಕಾಳವ್ವ, ಒಬ್ಬಳೇ ಮಗಳು ಸುಬ್ಬಿ. ಚನ್ನಿಗನಿಗೆ ಏಡಿ ಎಂದರೆ ಪ್ರಾಣ. ನೀರು ಇಳಿದಂತೆ ಏಡಿಗಳೆಲ್ಲ ದಡದ ಕೆಸರಿಗೆ ಬಂದು ಸೇರುತ್ತಿದ್ದವು. ಆದರೆ ಶನಿವಾರ, ಭಾನುವಾರ ಮಕ್ಕಳು ನೀರನ್ನೆಲ್ಲ ಕಲಕಿಬಿಡುತ್ತಿದ್ದವು. ಏಡಿಗಳು ಬಿಲ ಸೇರಿದರೆ ಮತ್ತೆರಡು ದಿನ ಹೊರಗೆ ಬರುತ್ತಿರಲಿಲ್ಲ. ಈ ಗಲಾಟೆ ಒಂದು ವಾರವಾದರೂ ಇಲ್ಲದಿದ್ದರೆ ಹೊಟ್ಟೆ ತುಂಬಾ ತಿನ್ನಬಹುದಿತ್ತು ಎಂದು ಚನ್ನಿಗ ಯೋಚಿಸಿದ. ಅವನಿಗೆ ಬೇಕಾಗಿದ್ದುದು ಅಷ್ಟೇ. ಯಾರಿಗೂ ಕೇಡು ಮಾಡಬೇಕೆಂದು ಅವನು ಹೊರಟಿರಲಿಲ್ಲ.

ಅವನು ಮೊದಲು ಕಾಡುಹಂದಿ ಬೋರೇಗೌಡನ ಹತ್ತಿರ ಹೋದ. ಬೋರೇಗೌಡನಿಗೆ ಐದು ಮರಿಗಳು. ಯಾವುದರಲ್ಲೂ ತಾನು ಮುಂದಿರಬೇಕು ಎನ್ನುವ ಸ್ವಭಾವ. ಬೋಳುಬಂಡೆಯ ಆಚೆ ಒಂದು ಜಲಪಾತವಿದೆ, ಬೇಸಿಗೆಯಲ್ಲೂ ನೀರು ಧುಮುಕುತ್ತದೆ, ಆಚೆ ಕಾಡಿನವರೆಲ್ಲ ರಜೆಯ ದಿನ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ ಎಂದು ಚನ್ನಿಗ ಹೇಳಿದ. ಆಮೇಲೆ ಸ್ವಲ್ಪ ದನಿ ತಗ್ಗಿಸಿದ.

“ನಮ್ಮ ಮಕ್ಕಳು ಕೆಸರಿನಲ್ಲಿ ಹೊರಳೋದನ್ನು ಕೇಳಿ ಅವರು ನಗ್ತಾರೆ ಗೌಡ್ರೇ. ನನಗೇ ನಾಚಿಕೆಯಾಯ್ತು.”

ಬೋರೇಗೌಡ ಅವತ್ತು ಸಂಜೆಯೇ ಹೆಂಡತಿಗೆ ಹೇಳಿದ, ಈ ಶನಿವಾರ ನಾವು ಜಲಪಾತಕ್ಕೆ ಹೋಗುತ್ತೇವೆ ಎಂದು. ಅಕ್ಕಪಕ್ಕದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.

ಆಮೇಲೆ ಚನ್ನಿಗ ಜಿಂಕೆ ಹಂಪವ್ವನ ಹತ್ತಿರ ಹೋದ. ಅವಳಿಗೆ ಗೆಜ್ಜಿ ಎಂಬ ಒಂದು ಮರಿ. ಅಷ್ಟು ದೂರ, ಅದೂ ಬಂಡೆಯ ಮೇಲೆ, ಬಿಸಿಲಿನಲ್ಲಿ ಎಂದು ಹಂಪವ್ವ ಹಿಂಜರಿದಳು. ನಿನ್ನಿಷ್ಟ, ಆದರೆ ಎಲ್ಲರ ಮಕ್ಕಳೂ ಹೋಗಿ ಬಂದು ಅದರ ಮಾತೇ ಆಡುವಾಗ ಗೆಜ್ಜಿ ಒಬ್ಬಳೇ ಮೂಲೆಯಲ್ಲಿ ಕೂತಿರುತ್ತಾಳೆ, ಅಷ್ಟೇ ಎಂದ ಚನ್ನಿಗ. ಮಾರನೆಯ ದಿನ ಹಂಪವ್ವ ಅವನನ್ನು ಕಂಡು, ನಾವೂ ಬರುತ್ತೇವೆ ಎಂದಳು.

ಶುಕ್ರವಾರ ಮಧ್ಯಾಹ್ನ ಅವನು ಹೊಂಗೆಯ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಜಲಪಾತದ ಕಥೆ ಹೇಳಿದ. ಅಲ್ಲಿಯ ಬಂಡೆಗಳ ಮೇಲೆ ಹಸಿರು ಪಾಚಿ, ಮೇಲೆ ಕೂತರೆ ಜಾರಿ ನೇರ ನೀರಿಗೆ ಎಂದ. ಹನಿ ಮುಖಕ್ಕೆ ಸಿಡಿದರೆ ಮೈ ನಡುಗುತ್ತದೆ ಎಂದ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಎಲ್ಲರ ಹಿಂದೆ ಸುಬ್ಬಿಯೂ ಕೂತಿದ್ದಳು. ಅಪ್ಪನ ಸುತ್ತ ಇಷ್ಟು ಮಕ್ಕಳು ಸೇರಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅವಳಿಗೆ ಹೆಮ್ಮೆಯಾಯಿತು.

ತಿಮ್ಮಜ್ಜಿಗೆ ವಿಷಯ ಗೊತ್ತಾದಾಗ ಅವಳು ನಿಧಾನವಾಗಿ ನಡೆದು ಎಲ್ಲರ ಹತ್ತಿರ ಬಂದಳು. ಆ ಜಲಪಾತವನ್ನು ತಾನು ಕಂಡಿದ್ದೇನೆ, ಅದು ಮಳೆಗಾಲದ ನೀರು, ಚಳಿ ಮುಗಿಯುವ ಮೊದಲೇ ನಿಂತುಹೋಗುತ್ತದೆ ಎಂದಳು. ಹೋಗಲೇಬೇಕಾದರೆ ಬೆಳಕು ಹರಿಯುವ ಮುಂಚೆ ಹೊರಡಿ, ದೊಡ್ಡವರು ಒಬ್ಬರು ಮುಂದೆ ಹೋಗಿ ನೋಡಿ ಬನ್ನಿ ಎಂದಳು. ಬೋರೇಗೌಡ ನಕ್ಕ. ಅಜ್ಜಿ ಅಲ್ಲಿಂದ ಇಲ್ಲಿಗೆ ನಡೆದು ಬರುವಷ್ಟರಲ್ಲಿ ಸುದ್ದಿಯೇ ಹಳೆಯದಾಗಿರುತ್ತದೆ ಎಂದ. ಎಲ್ಲರೂ ನಕ್ಕರು. ಹಂಪವ್ವ ಕೂಡ ನಕ್ಕಳು.

ಆ ಸಂಜೆ ಗೂಡಿನಲ್ಲಿ ಸುಬ್ಬಿ ತಾನೂ ನಾಳೆ ಹೋಗಲೇ ಎಂದು ಕೇಳಿದಳು. ಚನ್ನಿಗ ಯೋಚನೆಗೆ ಬಿದ್ದ. ಅಲ್ಲಿ ನೀರಿಲ್ಲ ಎಂದು ಹೇಳಿದರೆ ಅವಳು ಗೆಳತಿಯರಿಗೆ ಹೇಳಿಬಿಡುತ್ತಾಳೆ. ಅದಕ್ಕೇ ನಾಳೆ ಬೇಡ, ಮುಂದಿನ ವಾರ ನಾವು ಮೂವರೇ ಹೋಗೋಣ ಎಂದ. ಸುಬ್ಬಿ ಸರಿ ಎಂದು ತಲೆಯಾಡಿಸಿ ಮಲಗಿದಳು.

ಶನಿವಾರ ಎಲ್ಲರೂ ಬೇಗ ಹೊರಡಬೇಕೆಂದುಕೊಂಡಿದ್ದರು. ಆದರೆ ಬೋರೇಗೌಡ ಎಲ್ಲ ಸಂಸಾರಗಳೂ ಸೇರಲಿ ಎಂದ. ಮೊಲಗಳು ತಡವಾಗಿ ಬಂದವು. ಆಮೇಲೆ ಯಾರು ಯಾರ ಹಿಂದೆ ನಡೆಯಬೇಕೆಂದು ಮಾತಾಯಿತು. ಹೊರಡುವಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಅವರು ಕಣ್ಮರೆಯಾದ ಮೇಲೆ ಚನ್ನಿಗ ಮಡುವಿಗೆ ಇಳಿದ. ನೀರು ತಿಳಿಯಾಗಿತ್ತು. ಅವನು ಮೊದಲನೆಯ ಏಡಿಯನ್ನು ಹಿಡಿದಾಗ ಕಾಳವ್ವ ಗೂಡಿನಲ್ಲಿ ನಿದ್ದೆ ಮಾಡುತ್ತಿದ್ದಳು. ಸುಬ್ಬಿ ಅವಳ ಪಕ್ಕದಲ್ಲಿರಲಿಲ್ಲ.

ಬೋಳುಬಂಡೆಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅರ್ಧ ದಾರಿಗೆ ಕಲ್ಲು ಹೆಂಚಿನಂತೆ ಕಾದಿತ್ತು. ಹಂದಿಮರಿಗಳು ಒಂದು ಕಾಲೆತ್ತಿ ಒಂದು ಕಾಲಿಡುತ್ತ ಅತ್ತವು. ವಾಪಸು ಹೋಗೋಣವೇ ಎಂದು ಅವುಗಳ ತಾಯಿ ಎರಡು ಸಲ ಕೇಳಿದಳು. ಎಲ್ಲರನ್ನೂ ಕರೆತಂದವನು ತಾನು, ಈಗ ತಿರುಗಿದರೆ ಮುಖ ಎಲ್ಲಿಡುವುದು ಎಂದು ಬೋರೇಗೌಡ ಮುಂದೆ ನಡೆದ. ತಿರುಗೋಣ ಎಂದು ಮೊದಲು ಹೇಳುವವರು ತಾವಾಗಬಾರದೆಂದು ಉಳಿದವರೂ ನಡೆದರು.

ಆಚೆ ಬದಿಗೆ ಇಳಿದು ನೋಡಿದರೆ ಬಂಡೆಯ ಮೇಲೆ ನೀರು ಹರಿದ ಕಪ್ಪು ಗುರುತುಗಳಿದ್ದವು. ಕೆಳಗಿನ ಗುಂಡಿಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಒಂದು ಮೊಲದ ಮರಿ ಬಿರುಕಿನೊಳಗೆ ಮೂತಿ ಇಟ್ಟು ಮೂಸುತ್ತಲೇ ಇತ್ತು.

ಗೆಜ್ಜಿಗೆ ನಿಲ್ಲಲಾಗಲಿಲ್ಲ. ಹಂಪವ್ವ ಅವಳನ್ನು ತನ್ನ ಹೊಟ್ಟೆಯ ಕೆಳಗೆ ಮಲಗಿಸಿಕೊಂಡು ನಿಂತಳು. ಅದನ್ನು ನೋಡಿ ಉಳಿದ ತಾಯಂದಿರೂ ಹಾಗೆಯೇ ನಿಂತರು. ಮಕ್ಕಳ ಮೇಲೆ ನೆರಳು ಬೀಳಲೆಂದು ಹೊತ್ತು ಇಳಿಯುವ ತನಕ ಅವರು ಬಿಸಿಲಿಗೆ ಬೆನ್ನು ಕೊಟ್ಟು ಅಲುಗಾಡದೆ ನಿಂತರು. ಆಮೇಲೆ ಒಬ್ಬೊಬ್ಬರನ್ನೇ ನಡೆಸಿಕೊಂಡು ಹಿಂದಿರುಗಿದರು.

ಬಂಡೆಯ ನಡುವೆ ಒಂದು ನರಿಮರಿ ಬಿದ್ದಿತ್ತು. ಮೊದಲು ಗುರುತು ಹಿಡಿದವಳು ಗೆಜ್ಜಿ.

“ಅಮ್ಮಾ, ಸುಬ್ಬಿ. ಬೆಳಗ್ಗೆ ನಮ್ಮ ಹಿಂದೆ ಬರ್ತಿದ್ದಳು. ಜೊತೆಗೆ ಬಾ ಅಂದೆ. ದಾರಿ ನೋಡ್ಕೊಂಡು ವಾಪಸ್ ಹೋಗ್ತೀನಿ, ಮುಂದಿನ ವಾರ ಅಪ್ಪನಿಗೆ ತೋರಿಸಬೇಕು ಅಂದಳು.”

ಸುಬ್ಬಿಗೆ ಇನ್ನೂ ಉಸಿರಿತ್ತು. ಬೇರೆ ಮಕ್ಕಳಿಗೆ ಸಿಕ್ಕ ತಾಯಿಯ ನೆರಳು ಅವಳಿಗೆ ಸಿಕ್ಕಿರಲಿಲ್ಲ. ತಾಯಂದಿರು ಅವಳ ಸುತ್ತ ನಿಂತರು. ಹಂಪವ್ವ ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಮಡುವಿಗೆ ಓಡಿದಳು.

ಚನ್ನಿಗ ಹೊಟ್ಟೆ ತುಂಬಿ ದಡದಲ್ಲಿ ಮಲಗಿದ್ದ. ನಿನ್ನ ಮಗಳು ಬಂಡೆಯ ಮೇಲೆ ಬಿದ್ದಿದ್ದಾಳೆ ಎಂದು ಹಂಪವ್ವ ಹೇಳಿದಾಗ ಅವನು ನಂಬಲಿಲ್ಲ. ಅವಳು ಮನೆಯಲ್ಲಿದ್ದಾಳೆ ಎಂದ. ಅಷ್ಟರಲ್ಲಿ, ಮಗಳು ಬೆಳಗಿನಿಂದ ಅಪ್ಪನ ಜೊತೆ ಮಡುವಿನಲ್ಲಿದ್ದಾಳೆ ಎಂದುಕೊಂಡಿದ್ದ ಕಾಳವ್ವ ಸುಬ್ಬಿಯನ್ನು ಕೂಗುತ್ತ ಗೂಡಿನ ಕಡೆಯಿಂದ ಬಂದಳು. ಚನ್ನಿಗ ಎದ್ದ. ಬಾಯಿ ತುಂಬಾ ನೀರು ತುಂಬಿಕೊಂಡು ಓಡಿದ.

ದಾರಿಯುದ್ದಕ್ಕೂ ಅವನಿಗೆ ಮಗಳ ಹೆಸರು ಹಿಡಿದು ಕೂಗಬೇಕೆನಿಸಿತು. ಬಾಯಿ ತೆರೆದರೆ ನೀರು ಚೆಲ್ಲುತ್ತದೆ. ಉಸಿರು ಕಟ್ಟಿದರೂ ಹಲ್ಲು ಕಚ್ಚಿಕೊಂಡು ಓಡಿದ. ಕಾಲು ಸುಟ್ಟವು. ತಲುಪಿದಾಗ ಬಾಯಲ್ಲಿ ಒಂದೆರಡು ಗುಟುಕು ಉಳಿದಿತ್ತು. ಅದನ್ನು ಸುಬ್ಬಿಯ ಬಾಯಿಗೆ ಬಿಟ್ಟ.

ಸುಬ್ಬಿ ನುಂಗಿದಳು. ಕಣ್ಣು ತೆರೆದು ಅಪ್ಪನನ್ನು ನೋಡಿದಳು.

“ಇದು ಜಲಪಾತದ ನೀರಾ ಅಪ್ಪ?”

ಸುತ್ತ ನಿಂತವರೆಲ್ಲ ಚನ್ನಿಗನನ್ನೇ ನೋಡುತ್ತಿದ್ದರು.

“ಹೌದು ಮಗಳೇ,” ಎಂದ ಚನ್ನಿಗ.

ತಣ್ಣಗಿದೆ ಎಂದಳು ಸುಬ್ಬಿ. ಆಮೇಲೆ ಅವಳು ಮಾತಾಡಲಿಲ್ಲ. ಕಾಳವ್ವ ಬಂದು ಸೇರುವಷ್ಟರಲ್ಲಿ ಉಸಿರು ನಿಂತಿತ್ತು.

ಕಾಳವ್ವ ಮಗಳ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದಳು. ಕೊನೆಗೆ ಗಂಡನ ಕಡೆ ತಿರುಗಿದಳು.

“ಅಲ್ಲಿ ನೀರಿಲ್ಲ ಅಂತ ನಿಮಗೆ ಗೊತ್ತಿತ್ತಾ?”

ಚನ್ನಿಗ ಗೊತ್ತಿತ್ತು ಎಂದ. ಅವಳು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವನು ಏಡಿಯ ವಿಷಯ ಹೇಳಬೇಕಾಗುತ್ತಿತ್ತು. ಅವಳು ಎದ್ದು ಆಚೆ ಕಾಡಿನ ಕಡೆ ನಡೆದುಹೋದಳು. ಮತ್ತೆ ಆ ಮಡುವಿಗೆ ಬರಲಿಲ್ಲ.

ಬೋರೇಗೌಡ ಎಲ್ಲ ಆ ನರಿಯಿಂದಲೇ ಆದದ್ದು ಎಂದು ಕಾಡಿನ ತುಂಬಾ ಹೇಳಿಕೊಂಡು ತಿರುಗಿದ. ತಿಮ್ಮಜ್ಜಿಯ ಮುಂದೆಯೂ ಹೇಳಿದ. ಅವನು ದಾರಿ ಹೇಳಿದ, ಮಕ್ಕಳನ್ನು ನಡೆಸಿದವರು ನೀವು ಎಂದಳು ತಿಮ್ಮಜ್ಜಿ.

ಮುಂದಿನ ಶನಿವಾರ ಹೊತ್ತು ಇಳಿದ ಮೇಲೆ ಸಂಸಾರಗಳು ಮಡುವಿಗೆ ಬಂದವು. ಗೆಜ್ಜಿ ಇನ್ನೂ ಕುಂಟುತ್ತಿದ್ದಳು. ಯಾರೂ ಚನ್ನಿಗನನ್ನು ಬೈಯಲಿಲ್ಲ, ಓಡಿಸಲಿಲ್ಲ. ಅವನು ದಡಕ್ಕೆ ಬಂದಾಗ ತಾಯಂದಿರು ಮಕ್ಕಳನ್ನು ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ತಮ್ಮ ಹತ್ತಿರ ಕರೆದುಕೊಂಡರು. ಚನ್ನಿಗ ಬಂದ ದಾರಿಯಲ್ಲೇ ಹಿಂದಿರುಗಿದ.

ನೀತಿ: ಬೇರೆಯವರ ಮಕ್ಕಳಿಗೆ ಹೇಳಿದ ಸುಳ್ಳನ್ನು ನಮ್ಮ ಮಕ್ಕಳೂ ಕೇಳಿಸಿಕೊಂಡಿರುತ್ತಾರೆ, ನಮ್ಮ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬುವವರೂ ಅವರೇ.