ಜೈಲಿನ ಗೋಡೆ ಮತ್ತು ಅಳಿಲು

ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕಳೆದ ಕೈದಿ ದುರುಗಪ್ಪನಿಗೆ ಬಿಡುಗಡೆಯಾದ ದಿನ, ಆ ಕೋಣೆಯ ಗೋಡೆ ಅಲ್ಲಿಗೆ ಬಂದುಹೋಗುತ್ತಿದ್ದ ಅಳಿಲಿಗೆ ಹೇಳಿತು:

"ನಿಂತು ನಿಂತು ನನಗೂ ಸಾಕಾಗಿದೆ. ಆದರೆ ನಾನು ಅವನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಓಡಿಹೋಗದಂತೆ ತಡೆದೆ, ಅಷ್ಟೇ. ಬಂದ ಹಾಗೆಯೇ ಅವನನ್ನು ಹಿಂದಕ್ಕೆ ಕೊಟ್ಟಿದ್ದೇನೆ."

"ಕಿಟಕಿಯನ್ನು ಅಷ್ಟು ಮೇಲೆ ಇಟ್ಟುಕೊಂಡಿದ್ದೇಕೆ?" ಎಂದು ಅಳಿಲು ಕೇಳಿತು.

"ಕಟ್ಟಿದವರು ಹಾಗೆ ಇಟ್ಟರು. ಅದು ಗಾಳಿ ಬೆಳಕಿಗೆ, ನೋಡುವುದಕ್ಕಲ್ಲ. ನೀನು ಹೋಗಿ ಅವನು ಹೇಗೆ ಹೋದನೆಂದು ತಿಳಿದು ಬಾ."

ಅಳಿಲು ಹೊರಬಾಗಿಲಿನ ಮೇಲೆ ಕುಳಿತು ನೋಡಿತು. ರಸ್ತೆಯಾಚೆ ದುರುಗಪ್ಪನ ಮಗಳು ನೀಲವ್ವ ನಿಂತು ಕೈ ಬೀಸುತ್ತಿದ್ದಳು. ಅವನು ಅವಳತ್ತಲೇ ನೋಡಿದ, ಮುಖ ತಿರುಗಿಸಿ ಬೇರೆ ಕಡೆ ಹುಡುಕತೊಡಗಿದ. ಅವಳು ರಸ್ತೆ ದಾಟಿ ಹತ್ತಿರ ಬಂದ ಮೇಲೆ ಅವನು ಕಣ್ಣು ಕಿರಿದು ಮಾಡಿ ಅವಳ ಮುಖ ನೋಡಿದ.

"ನೀಲವ್ವಾ, ನೀನೇನವ್ವಾ?"

"ಆಗಿಂದ ಕೈ ಮಾಡಾಕತ್ತೀನಿ ಯಪ್ಪಾ. ಕಾಣಲಿಲ್ಲೇನು?"

"ಬರೇ ಬೆಳಕು ಕಂಡಿತವ್ವಾ. ದೂರದ್ದು ಯಾವುದೂ ಕಣ್ಣಿಗೆ ಹತ್ತವಲ್ದು."

ಅಳಿಲು ಹಿಂದಿರುಗಿ ನಡೆದದ್ದನ್ನೆಲ್ಲ ಹೇಳಿತು.

"ಎಷ್ಟು ಹತ್ತಿರ ಬಂದಾಗ ಗುರುತು ಹಿಡಿದ?" ಎಂದು ಗೋಡೆ ಕೇಳಿತು.

"ನಾಲ್ಕು ಹೆಜ್ಜೆ ದೂರದಲ್ಲಿ."

ಗೋಡೆ ಎದುರಿನ ಗೋಡೆಯನ್ನು ನೋಡಿತು.

"ನನ್ನಿಂದ ಅಲ್ಲಿಗೂ ನಾಲ್ಕೇ ಹೆಜ್ಜೆ," ಎಂದಿತು.