ಕರೆದುಕೊಂಡು ಹೋಗುವವರು ಬರುವತನಕ

ಹೂಂಗುಟ್ಟುವವರು ಹತ್ತಿರ ಬನ್ನಿ, ನಿದ್ದೆ ಬಂದವರು ಗೋಡೆಗೆ ಒರಗಿಕೊಳ್ಳಿ. ಒಬ್ಬ ಪೆದ್ದ ಮಗನ ಕತೆ ಹೇಳುತ್ತೇನೆ. ಪೆದ್ದ ಮಗ ಅಂದ ಕೂಡಲೇ ಚಡ್ಡಿ ಹಾಕಿದ ಹುಡುಗ ಅಂದುಕೊಂಡಿರಿ. ಅಲ್ಲ. ಈ ಮಗನಿಗೆ ಅರವತ್ತು ತುಂಬಿತ್ತು, ಮೊಮ್ಮಗಳೂ ಇದ್ದಳು. ಅರವತ್ತಕ್ಕೆ ಅರಳುಮರುಳು ಅನ್ನುತ್ತಾರಲ್ಲ, ಈತನಿಗೆ ಅದು ಆರನೇ ವಯಸ್ಸಿಗೇ ಬಂದು ಸುಖವಾಗಿ ಕೂತುಬಿಟ್ಟಿತ್ತು. ಹೆಸರು ಪಾತಲಿಂಗಪ್ಪ, ಊರವರ ಬಾಯಲ್ಲಿ ಪಾತಣ್ಣ.

ಅವನ ತಾಯಿ ದೊಡ್ಡೀರಮ್ಮ. ಎಂಬತ್ತರ ಮುದುಕಿ. ಮಗನಿಗೆ ಹೇಳಿ ಹೇಳಿ ಆಕೆಯ ಹಲ್ಲೆಲ್ಲ ಉದುರಿತ್ತು, ನಾಲಿಗೆ ಮಾತ್ರ ಉಳಿದಿತ್ತು. ಪಾತಣ್ಣ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಮೊಮ್ಮಗಳು ಇಂಚರ ಒಂದನೇ ತರಗತಿಗೆ ಹೋಗುತ್ತಿದ್ದಳು. ಸಂಜೆ ಅವಳನ್ನು ಕರೆತರುತ್ತಿದ್ದವಳು ಪಾತಣ್ಣನ ಹೆಂಡತಿ. ಆಕೆ ಕಿರಿಮಗಳ ಬಾಣಂತನಕ್ಕೆ ಹೋದಳು. ಇಂಚರಳ ತಾಯಿ ಸವಿತ ಪಾತಣ್ಣನ ಹಿರಿಮಗಳು, ತವರಲ್ಲೇ ಇದ್ದಳು. ಅವಳು ಗಾರ್ಮೆಂಟ್ಸಿಗೆ ಹೋದರೆ ಬರುವುದು ಆರು ಗಂಟೆಗೆ, ಮಗುವಿನ ಅಪ್ಪ ತಿಂಗಳಲ್ಲಿ ಇಪ್ಪತ್ತು ದಿನ ಲಾರಿಯ ಮೇಲೆ. ದೊಡ್ಡೀರಮ್ಮ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಜಗುಲಿ ಹಿಡಿದಿದ್ದಳು. ಇನ್ನು ಉಳಿದವರು ಯಾರು? ಪಾತಣ್ಣ.

ಸವಿತ ಒಲ್ಲದ ಮನಸ್ಸಿನಿಂದಲೇ ಒಪ್ಪಿದಳು. ಶನಿವಾರದ ತನಕ ನೋಡುತ್ತೇನೆ, ಸರಿಹೋಗದಿದ್ದರೆ ಮಗುವನ್ನು ಹಿರಿಯೂರಿಗೆ ನಮ್ಮತ್ತೆ ಮನೆಗೆ ಬಿಟ್ಟುಬರುತ್ತೇನೆ, ಅಲ್ಲೇ ಓದಲಿ ಅಂದಳು. ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಆ ಮಗುವಿನ ಮಾತಿನಿಂದ. ಅದು ಹೋದರೆ ದೊಡ್ಡೀರಮ್ಮನಿಗೆ ಏನುಂಟು?

ಸೋಮವಾರ ಬೆಳಿಗ್ಗೆಯೇ ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: ಸ್ಕೂಲಿನ ಗೇಟ್ ಹತ್ತಿರ ನಿಂತುಕೋ, ಗಂಟೆ ಹೊಡೆದ ತಕ್ಷಣ ಮಗುವನ್ನು ಕರೆದುಕೊಂಡು ಬಾ.

ಪಾತಣ್ಣ ರೊಟ್ಟಿ ತಿಂದವನೇ ಹೊರಟ. ಗೇಟಿನ ಹತ್ತಿರ ನಿಂತ. ಹನ್ನೊಂದಕ್ಕೆ ಗಂಟೆ ಹೊಡೆಯಿತು, ಮಕ್ಕಳು ಒಂದಕ್ಕೆ ಹೋಗಲು ಹೊರಗೆ ಬಂದವು. ಇಂಚರಳೂ ಬಂದಳು. ಪಾತಣ್ಣ ಮಗುವನ್ನು ಎತ್ತಿಕೊಂಡು ಮನೆಗೆ ಬಂದ. ಅತ್ತ ಸ್ಕೂಲಿನಲ್ಲಿ ಮಗು ಕಾಣೆಯಾಯಿತೆಂದು ಬಾವಿ ಇಣುಕಿದ್ದೇನು, ಮೋರಿ ಇಣುಕಿದ್ದೇನು. ಟೀಚರಮ್ಮನ ಕಣ್ಣಲ್ಲಿ ನೀರು ಬಂದಿತ್ತು.

ದೊಡ್ಡೀರಮ್ಮ ಹಣೆ ಚಚ್ಚಿಕೊಂಡಳು. "ಗಂಟೆ ಗಿಂಟೆ ಬ್ಯಾಡ ಕಣ್ಲಾ. ಮಕ್ಕಳನ್ನ ಕರಕೊಂಡು ಹೋಗಕ್ಕೆ ಬೇರೆ ತಾತಂದಿರು ಬತ್ತಾರಲ್ಲ, ಅವರು ಏನ್ ಮಾಡ್ತಾರೋ ನೋಡು. ಹಂಗೇ ಮಾಡು."

ಹಂಗೇ ಮಾಡುತ್ತೇನೆ ಅಂದ ಪಾತಣ್ಣ.

ಮಂಗಳವಾರ ನಾಲ್ಕಾಯಿತು, ಬರಲಿಲ್ಲ. ಐದಾಯಿತು, ಬರಲಿಲ್ಲ. ದೊಡ್ಡೀರಮ್ಮ ಜಗುಲಿಯ ಮೇಲೆ ಕೂತು ರಸ್ತೆಯ ತಿರುವು ನೋಡುತ್ತಿದ್ದಳು. ಕೆಂಪು ಚೀಲ ಕಂಡರೆ ಇಂಚರಳದು ಅನ್ನುವಳು, ಹತ್ತಿರ ಬಂದರೆ ಇನ್ಯಾರದೋ ಮಗು. ಲಾರಿಯೊಂದು ಜೋರಾಗಿ ಹೋದರೆ ಜಗುಲಿಯ ಅಂಚಿಗೆ ಸರಿದು ಇಣುಕುವಳು. ಮನೆದೇವರಿಗೆ ಒಂದು ಕಾಯಿ ಹೇಳಿಕೊಂಡಳು. ಐದೂವರೆಗೆ ಅದನ್ನು ಐದು ಮಾಡಿದಳು.

ಆರಕ್ಕೆ ಸವಿತ ಬರುವುದಕ್ಕೂ, ಯಾರೋ ಮುದುಕಪ್ಪ ಮೊಪೆಡ್ಡಿನಲ್ಲಿ ಇಬ್ಬರನ್ನೂ ತಂದು ಇಳಿಸುವುದಕ್ಕೂ ಸರಿಹೋಯಿತು. ಆದದ್ದು ಇಷ್ಟು. ಸ್ಕೂಲಿನ ಗೇಟಿನಲ್ಲಿ ಆ ಮುದುಕಪ್ಪ ತನ್ನ ಮೊಮ್ಮಗನ ಕೈ ಹಿಡಿದ, ಪಾತಣ್ಣ ಇಂಚರಳ ಕೈ ಹಿಡಿದ. ಆತ ಸೌತೆಕಾಯಿ ಕೊಡಿಸಿದ, ಇವನೂ ಕೊಡಿಸಿದ. ಆತ ಬಸ್ಸು ಹತ್ತಿದ, ಇವನೂ ಹತ್ತಿದ. ಆತ ತನ್ನ ಹಳ್ಳಿಯಲ್ಲಿ ಇಳಿದು ಮನೆಗೆ ಹೋಗಿ ಕಾಲು ತೊಳೆದು ಮುದ್ದೆಗೆ ಕೂತರೆ, ಪಾತಣ್ಣನೂ ಕಾಲು ತೊಳೆದು ಪಕ್ಕದಲ್ಲಿ ಕೂತ. ಎರಡು ತುತ್ತು ಇಳಿದ ಮೇಲೆ ಆತ ಕೇಳಿದನಂತೆ, ಸ್ವಾಮಿ ತಾವು ಯಾರ ಕಡೆಯವರು ಅಂತ.

ಸವಿತ ಒಳಗೆ ಹೋಗಿ ಮಗುವಿನ ಬಟ್ಟೆಗಳನ್ನು ತೆಗೆದು ಒಂದು ಬ್ಯಾಗಿಗೆ ಮಡಚಿಟ್ಟಳು. ಬೈದಿದ್ದರೆ ದೊಡ್ಡೀರಮ್ಮನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಬುಧವಾರ ಮಗನ ರಟ್ಟೆ ಹಿಡಿದು ಅಲ್ಲಾಡಿಸಿ ಹೇಳಿದಳು: ಯಾರ ಮುಖವನ್ನೂ ನೋಡಬೇಡ. ಬಲಗೈಯಲ್ಲಿ ಮಗುವಿನ ಕೈ ಹಿಡಿ. ನಮ್ಮ ಹೊಸಲು ದಾಟುವ ತನಕ ಏನೇ ಆದರೂ ಬಿಡಬೇಡ.

ಆ ಹೊತ್ತಿಗೆ ಸ್ಕೂಲಿನವರೂ ಹೆದರಿ ಹೊಸ ಪದ್ಧತಿ ಮಾಡಿದ್ದರು. ಗೇಟಿನ ಹತ್ತಿರ ಒಂದು ರಿಜಿಸ್ಟರ್ ಇಟ್ಟು, ಒಂದು ಕಡೆ ಮಗುವಿನ ಹೆಸರು, ಇನ್ನೊಂದು ಕಡೆ ಕರೆದುಕೊಂಡು ಹೋಗುವವರ ಸಹಿ. ಸಹಿ ಇಲ್ಲದೆ ಮಗು ಹೊರಗಿಲ್ಲ. ಪಾತಣ್ಣನಿಗೆ ಅಷ್ಟೋ ಇಷ್ಟೋ ಸಹಿ ಹಾಕಲು ಬರುತ್ತಿತ್ತು, ಬಲಗೈಯಲ್ಲಿ. ಬಲಗೈಯಲ್ಲಿ ಮಗುವಿತ್ತು. ಟೀಚರಮ್ಮ ಸಹಿ ಹಾಕಿ ಅಂದರು. ಪಾತಣ್ಣ ಹೊಸಲು ದಾಟಲಿ ಹಾಕುತ್ತೇನೆ ಅಂದ. ಸಹಿ ಹಾಕದೆ ಬಿಡುವುದಿಲ್ಲ ಅಂದರು ಅವರು. ಹೊಸಲು ದಾಟದೆ ಬಿಡುವುದಿಲ್ಲ ಅಂದ ಇವನು. ಹೀಗೇ ಒಂದು ಗಂಟೆ.

ಜಗುಲಿಯ ಮೇಲಿದ್ದ ದೊಡ್ಡೀರಮ್ಮನಿಗೆ ತಿರುವಿನಲ್ಲಿ ಮೊದಲು ಕಂಡವರು ಟೀಚರಮ್ಮ, ಅವರ ಹಿಂದೆ ವಾಚ್‌ಮನ್ ದಾದಾಪೀರ್. ಸ್ಕೂಲಿನವರು ಮನೆಗೆ ಯಾಕೆ ಬರುತ್ತಾರೆ? ಒಳ್ಳೆ ಸುದ್ದಿ ಹೇಳಲು ಯಾರಾದರೂ ಬರುತ್ತಾರೆಯೇ? ಮುದುಕಿ ಕತ್ತು ಚಾಚಿ ನೋಡಿದಳು. ಅವರ ಹಿಂದೆಯೇ ಪಾತಣ್ಣ, ಅವನ ಬಲಗೈಯಲ್ಲಿ ಇಂಚರ. ಹೊಸಲು ದಾಟಿದ, ಕೈ ಬಿಟ್ಟ, ದಾದಾಪೀರನ ಕಂಕುಳಲ್ಲಿದ್ದ ರಿಜಿಸ್ಟರ್ ತೆಗೆದುಕೊಂಡು ಸಹಿ ಹಾಕಿದ.

"ಅಯ್ಯೋ ನನ್ನ ಕರ್ಮವೇ, ನಾನು ಹೇಳಿದ್ದು ಬ್ಯಾಡ," ಅಂದಳು ದೊಡ್ಡೀರಮ್ಮ. "ಇನ್ಮೇಲೆ ಟೀಚರಮ್ಮ ಏನ್ ಹೇಳ್ತಾರೋ ಅದನ್ನ ಮಾಡು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ."

ಗುರುವಾರ ಅವರು ಏನು ಹೇಳಿದರು? ಮಕ್ಕಳನ್ನು ಗೇಟಿನ ಒಳಗಿನ ಕಟ್ಟೆಯ ಮೇಲೆ ಕೂರಿಸಿ ಗಟ್ಟಿಯಾಗಿ ಹೇಳಿದರು: ಯಾರೂ ಒಬ್ಬರೇ ಗೇಟು ದಾಟಬಾರದು, ನಿಮ್ಮ ನಿಮ್ಮ ಮನೆಯವರು ಬಂದು ಸಹಿ ಹಾಕಿ ಕರೆದುಕೊಂಡು ಹೋಗುವತನಕ ಇಲ್ಲೇ ಕೂತಿರಬೇಕು. ಪಾತಣ್ಣ ತಲೆಯಾಡಿಸಿದ. ಇಂಚರಳ ಹೆಸರಿನ ಮುಂದೆ ಸಹಿ ಹಾಕಿದ. ಟೀಚರಮ್ಮ ಸಮಾಧಾನವಾಗಿ ಮನೆಗೆ ಹೋದರು, ದಾದಾಪೀರ್ ಹಿಂದಿನ ಕೋಣೆಗಳನ್ನು ಗುಡಿಸಿ ಬೀಗ ಹಾಕಿ, ಹಿತ್ತಲ ಗಿಡಗಳಿಗೆಲ್ಲ ನೀರು ಹೊರಲು ಹೋದ. ಪಾತಣ್ಣ ಗೇಟಿನ ತನಕ ಬಂದು ನಿಂತ. ಇಂಚರಳನ್ನು ಕರೆದುಕೊಂಡು ಹೋಗಲು ತಾನು ಬಂದಿದ್ದೇನೆ, ಸರಿ. ತನ್ನನ್ನು ಕರೆದುಕೊಂಡು ಹೋಗಲು ಯಾರು ಬಂದಿದ್ದಾರೆ? ಯಾರೂ ಇಲ್ಲ. ಹಿಂದಿರುಗಿ ಕಟ್ಟೆಯ ಮೇಲೆ ಕೂತ.

ನಾಲ್ಕಾಯಿತು. ನಾಲ್ಕೂವರೆಯಾಯಿತು. ಐದು ಹೊಡೆದ ಮೇಲೆ ದೊಡ್ಡೀರಮ್ಮನಿಗೆ ಕೂರಲು ಆಗಲಿಲ್ಲ. ಒಳಗಿನ ಬಟ್ಟೆಯ ಬ್ಯಾಗು ಕಣ್ಣಿಗೆ ಕಟ್ಟಿತ್ತು. ಕೋಲು ಊರಿ ಎದ್ದಳು. ಎಣ್ಣೆಪಟ್ಟಿ ಸುತ್ತಿದ ಕಾಲು ಒಂದೊಂದು ಹೆಜ್ಜೆಗೂ ಬೇಡ ಬೇಡ ಅಂದಿತು, ಆಕೆ ಕೇಳಲಿಲ್ಲ. ಯಾವ ಬಸ್ಸು ಹತ್ತಿದನೋ, ಯಾವ ಊರಿಗೆ ಹೋದನೋ, ಮಗು ಎಲ್ಲಿ ಹಸಿದು ಅಳುತ್ತಿದೆಯೋ.

ಅರ್ಧ ದಾರಿಯಲ್ಲಿ ಲೈಟುಕಂಬ ಹಿಡಿದು ನಿಂತಾಗ ಆಕೆಗೆ ಹಳೆಯದೊಂದು ದಿನ ನೆನಪಾಯಿತು. ಪಾತನಿಗೆ ಆರು ವರ್ಷ, ಮೊದಲ ದಿನದ ಸ್ಕೂಲು. ನಾನು ಬರುವತನಕ ಇಲ್ಲೇ ಕೂತಿರು ಅಂದು ಹೊಲಕ್ಕೆ ಹೋಗಿದ್ದಳು. ಕಡಲೆಕಾಯಿ ಕೀಳುವ ಕೆಲಸ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಂದು ನೋಡಿದರೆ ಎಲ್ಲ ಮಕ್ಕಳೂ ಹೋಗಿದ್ದರು, ಮೇಷ್ಟ್ರೂ ಹೋಗಿದ್ದರು. ಇವನೊಬ್ಬ ಕೂತೇ ಇದ್ದ. ಕೆಂಜಿರುವೆ ಕಚ್ಚಿ ಕಾಲು ಊದಿದ್ದರೂ ಕೂತ ಜಾಗದಿಂದ ಅಲ್ಲಾಡಿರಲಿಲ್ಲ. ಅವತ್ತು ಮಗನನ್ನು ತಬ್ಬಿಕೊಂಡು ಅತ್ತಿದ್ದಳು.

ಲೈಟುಕಂಬ ಬಿಟ್ಟು ಬೇಗ ಬೇಗ ನಡೆದಳು. ಇನ್ನು ಎಲ್ಲಿ ಹುಡುಕಬೇಕೆಂದು ಆಕೆಗೆ ಗೊತ್ತಿತ್ತು.

ಇಬ್ಬರೂ ಕಟ್ಟೆಯ ಮೇಲೆ ಇದ್ದರು. ಇಂಚರ ಕಡ್ಡಿಯಲ್ಲಿ ಮಣ್ಣಿನ ಮೇಲೆ ತನ್ನ ಹೆಸರು ಬರೆದು ತೋರಿಸುತ್ತಿದ್ದಳು, ತಾತ ನೋಡಿ ತಲೆದೂಗುತ್ತಿದ್ದ. ದೊಡ್ಡೀರಮ್ಮನಿಗೆ ಹೋದ ಜೀವ ಬಂತು. ಅಲ್ಲೇ ಕುಸಿದು ಕೂತಳು.

"ಬಂದ್ಯಾ ಅವ್ವ," ಅಂದ ಪಾತಣ್ಣ. "ನನ್ನ ಕರಕೊಂಡು ಹೋಗಕ್ಕೆ ಈಗ ನೀನು ಬಂದೆ. ಸರಿ. ನಿನ್ನ ಕರಕೊಂಡು ಹೋಗಕ್ಕೆ ಯಾರ್ ಬತ್ತಾರೆ?"

ದೊಡ್ಡೀರಮ್ಮ ಬಾಯಿಗೆ ಬಂದಂತೆ ಬೈದಳು. ಪಾತಣ್ಣ ಎಲ್ಲವನ್ನೂ ಕೇಳಿದ, ಅಲ್ಲಾಡಲಿಲ್ಲ. ಟೀಚರಮ್ಮ ಹೇಳಿದ್ದನ್ನೇ ಮಾಡು ಅಂದವಳು ನೀನೇ ಅಲ್ಲವೇ ಅಂದ. ಉಳುಕಿದ ಕಾಲು ಊದಿ ಆಕೆಗೂ ಏಳಲು ಆಗುತ್ತಿರಲಿಲ್ಲ.

ಆರು ಗಂಟೆಗೆ ಸವಿತ ಮನೆಗೆ ಬಂದು ನೋಡಿದರೆ ಬಾಗಿಲು ಹಾರುಹೊಡೆದಿತ್ತು, ಒಳಗೆ ನರಪಿಳ್ಳೆ ಇಲ್ಲ. ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಸ್ಕೂಲಿಗೆ ಓಡಿಬಂದಳು. ಗೇಟಿನಲ್ಲಿ ನಿಂತು ಏದುಸಿರು ಬಿಡುತ್ತ ಮೂವರನ್ನೂ ನೋಡಿದಳು. ಪಾತಣ್ಣ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. "ಕೂತ್ಕೊ ಮಗಳೇ. ಇನ್ನು ನಿನ್ನ ಕರಕೊಂಡು ಹೋಗೋರು ಬರಬೇಕು."

ಸವಿತಳ ಬಾಯಲ್ಲಿ ಹಿರಿಯೂರು ಅನ್ನುವ ಮಾತು ಸಿದ್ಧವಾಗಿತ್ತು. ದೊಡ್ಡೀರಮ್ಮ ಕಣ್ಣು ಮುಚ್ಚಿಕೊಂಡಳು. ಆದರೆ ಸವಿತ ಅಜ್ಜಿಯ ಊದಿದ ಕಾಲು ನೋಡಿದಳು, ಮಗುವಿನ ಹೆಗಲ ಮೇಲಿದ್ದ ಅಪ್ಪನ ಕೈ ನೋಡಿದಳು.

"ಅಪ್ಪಾ, ಇಷ್ಟು ದಿನದಲ್ಲಿ ಒಂದು ಸಲನಾದ್ರೂ ಮಗೂನ ಕಳಕೊಂಡ್ಯಾ?"

ಪಾತಣ್ಣ ಸೋಮವಾರದಿಂದ ಒಂದೊಂದೇ ಬೆರಳು ಮಡಚಿ ಎಣಿಸಿದ. "ಇಲ್ಲ. ಕಳಕೊಂಡು ಬಾ ಅಂತ ಯಾರೂ ಹೇಳ್ಲಿಲ್ವಲ್ಲ."

ಸವಿತ ಅಪ್ಪನ ಪಕ್ಕದಲ್ಲಿ ಕೂತು, ಮುಖಕ್ಕೆ ಸೆರಗು ಹಿಡಿದುಕೊಂಡು ನಕ್ಕಳು. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಅವಳಿಗೇ ತಿಳಿಯಲಿಲ್ಲ. ಕೊನೆಗೆ ಅಜ್ಜಿಯ ಕಡೆ ತಿರುಗಿ, ಬ್ಯಾಗಿನ ಬಟ್ಟೆಗಳನ್ನು ಇವತ್ತೇ ವಾಪಸು ಬೀರುವಿಗೆ ಹಾಕಬೇಕು ಅಂದಳು. ದೊಡ್ಡೀರಮ್ಮ ಮುಚ್ಚಿದ್ದ ಕಣ್ಣು ತೆರೆದು ಮನೆದೇವರಿಗೆ ಕೈ ಮುಗಿದಳು.

ಆದರೂ ಮನೆಗೆ ಹೋಗುವುದು ಹೇಗೆ? ನಾಲ್ವರೂ ಕೂತಿದ್ದಾರೆ, ಬರುವವರು ಯಾರೂ ಉಳಿದಿಲ್ಲ. ಆಗ ಇಂಚರ ಎದ್ದು ರಿಜಿಸ್ಟರ್ ತಂದಳು. ನಾನೇ ನಿಮ್ಮ ಮನೆಯವಳು, ನಿಮ್ಮನ್ನೆಲ್ಲ ನಾನೇ ಕರೆದುಕೊಂಡು ಹೋಗುತ್ತೇನೆ ಅಂದಳು. ಮಣ್ಣಿನ ಮೇಲೆ ಬರೆದ ಹಾಗೇ, ನಾಲಿಗೆ ಹೊರಗೆ ಹಾಕಿ, ಡೊಂಕಾದ ಮೂರು ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಪಾತಣ್ಣ ಅದನ್ನು ಬೆರಳಿಟ್ಟು ನೋಡಿ, ಈಗ ಸರಿಹೋಯಿತು ಅಂದು ಎದ್ದ.

"ಎಲ್ರೂ ಕೈ ಹಿಡ್ಕೊಳ್ಳಿ," ಅಂದಳು ಇಂಚರ. "ನಮ್ಮ ಹೊಸಲು ದಾಟೋತನಕ ಯಾರೂ ಬಿಡಬಾರ್ದು."

ಇಂಚರಳ ಕೈಯನ್ನು ಸವಿತ ಹಿಡಿದಳು, ಸವಿತಳ ಕೈಯನ್ನು ದೊಡ್ಡೀರಮ್ಮ, ಆಕೆಯ ಕೈಯನ್ನು ಪಾತಣ್ಣ. ಪಾತಣ್ಣನ ಇನ್ನೊಂದು ಕೈ ಖಾಲಿ ಇತ್ತು. ಅದೇ ಹೊತ್ತಿಗೆ ಗೇಟಿಗೆ ಬೀಗ ಹಾಕಲು ದಾದಾಪೀರ್ ಬಂದ. ಎಲ್ಲರೂ ಅಂದರೆ ಎಲ್ಲರೂ ತಾನೇ?

ಅವತ್ತು ಸ್ಕೂಲಿನ ಗೇಟಿಗೆ ಬೀಗ ಬಿದ್ದದ್ದು ಏಳೂವರೆಗೆ. ದಾದಾಪೀರ್ ಅಲ್ಲಿಯ ತನಕ ದೊಡ್ಡೀರಮ್ಮನ ಮನೆಯಲ್ಲಿ ಬೀಗದ ಕೈ ಪಕ್ಕಕ್ಕಿಟ್ಟುಕೊಂಡು ಮುದ್ದೆ ಉಣ್ಣುತ್ತಿದ್ದನಂತೆ.